ಕ್ಲಿಕ್ ಬಂತು, ಕಮಿಷನ್ ಬರಲಿಲ್ಲ

ಹಂಪಿಗೆ ಹೋದರೆ ಎಲ್ಲಿ ಉಳಿಯಬೇಕು ಎಂದು ಮೊಬೈಲಿನಲ್ಲಿ ಹುಡುಕಿದರೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೊಂಡಾಡುವ ಹಳೆಯ ಪುಟಗಳು ಇಂದಿಗೂ ಸಿಗುತ್ತವೆ. ಅಲ್ಲಿನ ಅಕ್ರಮ ಕಟ್ಟಡಗಳ ತೆರವಿನ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 11ರಂದು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಅವು ನೆಲಸಮವಾದವು. ಪುಟಗಳು ಮಾತ್ರ ಹಾಗೇ ನಿಂತಿವೆ. ನದಿಯಾಚೆಯ ಸೂರ್ಯಾಸ್ತದ ಫೋಟೊ ಇರುತ್ತದೆ, ದಪ್ಪ ಅಕ್ಷರದ ‘ಈಗಲೇ ಬುಕ್ ಮಾಡಿ’ ಇರುತ್ತದೆ, ಅದರ ಬೆನ್ನಿಗೆ ಕಮಿಷನ್ ತರಬೇಕಾದ ಲಿಂಕೂ ಇರುತ್ತದೆ. ಒತ್ತಿದವರಿಗೆ ಕೋಣೆ ಮಾತ್ರ ಇಲ್ಲ. ಇಂಥ ಪುಟ ಇಟ್ಟುಕೊಂಡವರು ಕನ್ವರ್ಷನ್ ರೇಟ್, ಎಂದರೆ ಬಂದವರಲ್ಲಿ ಕೊಳ್ಳುವವರ ಪ್ರಮಾಣ, ಏಕೆ ಕುಸಿಯಿತೆಂದು ತಲೆ ಕೆಡಿಸಿಕೊಂಡು ಬಟನ್ನಿನ ಬಣ್ಣ ಬದಲಿಸಲು ಹೊರಟರೆ, ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಬೇರೆಯವರ ಸರಕನ್ನೋ ಸೇವೆಯನ್ನೋ ನಮ್ಮ ವೆಬ್‌ಸೈಟಿನಲ್ಲಿ ಪರಿಚಯಿಸಿ, ನಮ್ಮ ಲಿಂಕ್ ಹಿಡಿದು ಹೋದವರು ಕೊಂಡರೆ ಪಾಲು ಪಡೆಯುವುದು ಅಫಿಲಿಯೇಟ್ ಮಾರ್ಕೆಟಿಂಗ್. ಅಮೆಜಾನ್ ಇದನ್ನು 1996ರಲ್ಲೇ ಶುರು ಮಾಡಿತು. ಗಿರಾಕಿ ಕರೆತಂದವರಿಗೆ ಕಮಿಷನ್ ಕೊಡುವ ರೂಢಿ ಪ್ರವಾಸಿ ಊರುಗಳಿಗೆ ಅದಕ್ಕಿಂತ ಎಷ್ಟೋ ಹಳೆಯದು. ರೈಲು ನಿಲ್ದಾಣದ ಮುಂದೆ ನಿಂತು ಲಾಡ್ಜ್ ತೋರಿಸುವ ಆಟೊದವರ ಕಸುಬೂ ಇದೇ. ತೋರಿಸಿದ ಲಾಡ್ಜು ಚೆನ್ನಾಗಿದ್ದರೆ ಮರುದಿನ ಹಂಪಿ ಸುತ್ತಲು ಅದೇ ಆಟೊ, ಕೆಟ್ಟದಾಗಿದ್ದರೆ ಆ ಗಿರಾಕಿ ಮತ್ತೆ ಇಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸುತ್ತ ಪ್ರವಾಸ, ಕೃಷಿ, ಕರಕುಶಲ ವಸ್ತುಗಳ ಬಗ್ಗೆ ವೆಬ್‌ಸೈಟ್ ನಡೆಸಿ ನಾಲ್ಕು ಕಾಸು ಗಳಿಸಬೇಕೆನ್ನುವ ಯುವಕರಿಗೆ ಈ ಲೇಖನ. ಇಲ್ಲಿ ಹೇಳಹೊರಟಿರುವುದು ಇಷ್ಟೇ: ಸಣ್ಣ ವೆಬ್‌ಸೈಟಿನ ಕನ್ವರ್ಷನ್ ರೇಟ್ ಏರಬೇಕಾದರೆ ಪುಟದ ಅಲಂಕಾರಕ್ಕಿಂತ ಮೊದಲು ಓದುಗರ ಕೊನೆಯ ಅನುಮಾನ ಯಾವುದೆಂದು ಹಿಡಿದು, ಅದಕ್ಕೆ ಇವತ್ತಿನ ಮಟ್ಟಿಗೆ ನಿಜವಾದ ಉತ್ತರ ಕೊಡಬೇಕು. ಮಿಕ್ಕ ಉಪಾಯಗಳೆಲ್ಲ ಅದರ ನಂತರದ ಮಾತು.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಸ್ವಂತ ಅಂಗಡಿ ಇದ್ದವರಿಗೆ ಕನ್ವರ್ಷನ್ ರೇಟ್ ಒಂದೇ ಸಂಖ್ಯೆ. ಬಂದವರಲ್ಲಿ ನೂರಕ್ಕೆ ಎಷ್ಟು ಜನ ಕೊಂಡರು ಎನ್ನುವುದು. ಅಫಿಲಿಯೇಟ್‌ಗೆ ಅದು ಎರಡು ತುಂಡು. ನಮ್ಮ ಪುಟ ಓದಿದವರಲ್ಲಿ ಎಷ್ಟು ಮಂದಿ ಲಿಂಕ್ ಒತ್ತಿದರು ಎನ್ನುವುದು ಒಂದು, ಒತ್ತಿದವರಲ್ಲಿ ಎಷ್ಟು ಮಂದಿ ಅಮೆಜಾನಿನಲ್ಲೋ ಹೋಟೆಲ್ ಬುಕಿಂಗ್ ಸೈಟಿನಲ್ಲೋ ಹಣ ಕಟ್ಟಿದರು ಎನ್ನುವುದು ಇನ್ನೊಂದು. ಉದಾಹರಣೆಗೆ ಸಾವಿರ ಜನ ಬಂದು, 150 ಮಂದಿ ಲಿಂಕ್ ಒತ್ತಿ, ಆರು ಮಂದಿ ಕೊಂಡರೆಂದುಕೊಳ್ಳಿ. ಮೊದಲ ತುಂಡು ಶೇ 15, ಎರಡನೆಯದು ಶೇ 4, ಒಟ್ಟು ಶೇ 0.6. ಎರಡನೇ ತುಂಡು ನಡೆಯುವುದು ಬೇರೆಯವರ ಮನೆಯಲ್ಲಿ, ಅಲ್ಲಿನ ಬಾಗಿಲು ಕಿಟಕಿ ನಮ್ಮ ಕೈಯಲ್ಲಿಲ್ಲ. ಆದರೆ ಯಾರನ್ನು, ಯಾವ ಮನಸ್ಸಿನಲ್ಲಿ ಅಲ್ಲಿಗೆ ಕಳಿಸುತ್ತೇವೆ ಎನ್ನುವುದು ನಮ್ಮದೇ. ಹೆಚ್ಚಿನವರು ಎಡವುವುದು ಇಲ್ಲಿ. ಕ್ಲಿಕ್ ಹೆಚ್ಚಿಸಬೇಕೆಂದು ‘ಬೆಲೆ ಕೇಳಿದರೆ ಬೆಚ್ಚಿಬೀಳುತ್ತೀರಿ’ ಎನ್ನುವ ಧಾಟಿಯಲ್ಲಿ ಬರೆದರೆ ಕ್ಲಿಕ್ ಖಂಡಿತ ಹೆಚ್ಚುತ್ತದೆ; ಕುತೂಹಲಕ್ಕೆ ಒತ್ತಿದವರು ಅಲ್ಲಿಂದ ಹಾಗೇ ವಾಪಸ್ ಬರುವುದರಿಂದ ಎರಡನೇ ತುಂಡು ಬೀಳುತ್ತದೆ. ಅಮೆಜಾನಿನಲ್ಲಂತೂ ಲಿಂಕ್ ಒತ್ತಿದ 24 ಗಂಟೆಯೊಳಗೆ ವಸ್ತು ಕೊಳ್ಳಬೇಕು, ಇಲ್ಲವೇ ಕಾರ್ಟಿಗಾದರೂ ಹಾಕಿರಬೇಕು. ಅವಧಿ ದಾಟಿದರೆ ಆ ಗಿರಾಕಿಯನ್ನು ಕಳಿಸಿದವರು ನಾವೆಂಬ ಗುರುತೇ ಉಳಿಯದು. ಹಾಗಾಗಿ ತೀರ್ಮಾನಕ್ಕೆ ಬರದವರನ್ನು ಅವಸರದಲ್ಲಿ ಆಚೆ ತಳ್ಳುವುದರಿಂದ ನಷ್ಟವೇ. ಅನುಮಾನ ನಮ್ಮ ಪುಟದಲ್ಲೇ ಕಳೆಯಬೇಕು, ಒತ್ತುವ ಹೊತ್ತಿಗೆ ಕೊಳ್ಳುವ ಮನಸ್ಸಾಗಿರಬೇಕು.

ಇದಕ್ಕೆ ತಕ್ಷಣ ಬರುವ ಆಕ್ಷೇಪ: ದೊಡ್ಡ ಕಂಪನಿಗಳೆಲ್ಲ ಬಟನ್ನಿನ ಬಣ್ಣ, ತಲೆಬರಹ, ಚಿತ್ರ ಬದಲಿಸಿ ಎರಡು ಮಾದರಿಗಳನ್ನು ಎದುರುಬದುರು ಇಟ್ಟು ಪರೀಕ್ಷೆ ಮಾಡುತ್ತವಲ್ಲ, ಅದರಿಂದ ಲಾಭ ಆಗುತ್ತಿಲ್ಲವೇ? ಆಗುತ್ತದೆ, ಅವರಿಗೆ. ಆ ಪರೀಕ್ಷೆಗೆ ಬೇಕಾದ ಜನಸಂಖ್ಯೆ ಅವರ ಬಳಿ ಇದೆ. ನಿಮ್ಮ ಪುಟದ ರೇಟ್ ಶೇ 2 ಇದ್ದು, ಹೊಸ ಬಟನ್ನಿನಿಂದ ಅದು ಶೇ 2.4ಕ್ಕೆ ಏರಿದೆಯೇ ಎಂದು ಸಂಖ್ಯಾಶಾಸ್ತ್ರ ಒಪ್ಪುವ ಮಟ್ಟಿಗೆ ಖಾತ್ರಿ ಮಾಡಿಕೊಳ್ಳಬೇಕಾದರೆ ಒಂದೊಂದು ಮಾದರಿಯನ್ನೂ ಸುಮಾರು 21,000 ಜನ ನೋಡಬೇಕು. ಎರಡೂ ಸೇರಿ 42,000. ತಿಂಗಳಿಗೆ ಮೂರು ಸಾವಿರ ಜನ ಬರುವ ವೆಬ್‌ಸೈಟಿಗೆ ಇದು 14 ತಿಂಗಳ ಕೆಲಸ. ಅಷ್ಟರಲ್ಲಿ ಮಾರುವ ವಸ್ತುವೇ ಮಾರುಕಟ್ಟೆಯಿಂದ ಹೋಗಿರುತ್ತದೆ. ಇನ್ನೊಂದು ಕಡೆಯಿಂದ ನೋಡಿ. ತಿಂಗಳಿಗೆ ಸರಾಸರಿ 20 ಮಾರಾಟ ಆಗುವ ಪುಟದಲ್ಲಿ ಏನೂ ಮುಟ್ಟದೆ ಬಿಟ್ಟರೂ ಒಂದು ತಿಂಗಳು 14, ಮತ್ತೊಂದು ತಿಂಗಳು 27 ಆಗುವುದು ಬರೀ ಆಕಸ್ಮಿಕದ ಆಟ. 14ರ ತಿಂಗಳಲ್ಲಿ ಗಾಬರಿಯಾಗಿ ಬಣ್ಣ ಬದಲಿಸಿದವರು 27ರ ತಿಂಗಳಲ್ಲಿ ಕಿತ್ತಳೆ ಬಣ್ಣಕ್ಕೆ ಕೈಮುಗಿಯುತ್ತಾರೆ. ಯೂಟ್ಯೂಬಿನಲ್ಲಿ ತಿರುಗುವ ಎಷ್ಟೋ ‘ಗುಟ್ಟು’ಗಳು ಹುಟ್ಟುವುದು ಹೀಗೆ ಎಂಬುದು ನನ್ನ ಅನುಮಾನ. ಅದೇ ರೇಟ್ ಶೇ 2ರಿಂದ 4ಕ್ಕೆ, ಎಂದರೆ ಎರಡರಷ್ಟು ಆಗುವಂಥ ಬದಲಾವಣೆಯಾದರೆ ಅದನ್ನು ಗುರುತಿಸಲು ಒಂದೊಂದು ಮಾದರಿಗೆ ಸುಮಾರು 1,150 ಜನ ಸಾಕು. ಸಣ್ಣವರಿಗೆ ಗಣಿತ ಹೇಳುವ ಬುದ್ಧಿಮಾತು ಸ್ಪಷ್ಟ: ಸಣ್ಣ ಬದಲಾವಣೆಯನ್ನು ಅಳೆಯುವ ಶಕ್ತಿ ನಿಮಗಿಲ್ಲ, ದೊಡ್ಡ ಬದಲಾವಣೆಗೇ ಕೈಹಾಕಿ. ಪುಟ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂಬುದನ್ನೇ ಬದಲಿಸುವಷ್ಟು ದೊಡ್ಡದಕ್ಕೆ.

ಹೋದ ತಿಂಗಳನ್ನು ಈ ತಿಂಗಳ ಜೊತೆ ಹೋಲಿಸುವುದೂ ಈ ಸೀಮೆಯಲ್ಲಿ ಮೋಸದ ದಾರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಆ ವಾರ ನದಿದಂಡೆಯ ಕೋಣೆಗಳ ಬುಕಿಂಗ್ ಯಾವುದಾದರೂ ಪುಟದಲ್ಲಿ ಬಿದ್ದಿದ್ದರೆ ಅದಕ್ಕೂ ಪುಟದ ವಿನ್ಯಾಸಕ್ಕೂ ಏನು ಸಂಬಂಧ? ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ಮುಳುಗುತ್ತದೆ, ಹಂಪಿಯಲ್ಲಿ ದೋಣಿ, ಹರಿಗೋಲು ನಿಲ್ಲುತ್ತವೆ. ಹಂಪಿ ಉತ್ಸವ ಒಂದು ಕಾಲಕ್ಕೆ ನವೆಂಬರ್ ಮೊದಲ ವಾರದ ಹಬ್ಬ. 2024ರಲ್ಲಿ ಅದು ಫೆಬ್ರುವರಿ 2ರಿಂದ 4ರವರೆಗೆ, 2025ರಲ್ಲಿ ಫೆಬ್ರುವರಿ 28ರಿಂದ ಮಾರ್ಚ್ 2ರವರೆಗೆ ನಡೆಯಿತು. ಇದನ್ನು ಗಮನಿಸದೆ ಒಂದು ವರ್ಷದ ಫೆಬ್ರುವರಿಯನ್ನು ಇನ್ನೊಂದರ ಜೊತೆ ಹೋಲಿಸಿದರೂ ತಪ್ಪು ಉತ್ತರವೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೇ ಇಲ್ಲ. ಹೊಸಪೇಟೆ–ಬಳ್ಳಾರಿ ಬಸ್ಸಿನ ಟಿಕೆಟ್ ಲಿಂಕನ್ನು ಎಷ್ಟು ಚೆಂದ ಮಾಡಿಟ್ಟರೂ ಅವರು ಒತ್ತುವುದಿಲ್ಲ. ಏಪ್ರಿಲ್–ಮೇ ತಿಂಗಳ ಬಿಸಿಲಿನ ಮಾತಂತೂ ಬಿಡಿ. ಆದ್ದರಿಂದ ಹೋಲಿಕೆ ಬೇಕೆಂದರೆ ಹೋದ ವರ್ಷದ ಅದೇ ದಿನಗಳ ಜೊತೆ ಮಾಡಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ಮಳೆ, ನೀರು, ಉತ್ಸವ, ರಜೆ ಎಲ್ಲ ಬರೆದಿಡಿ. ಹಣ ಕೊಟ್ಟು ಕೊಳ್ಳುವ ಯಾವ ಸಾಫ್ಟ್‌ವೇರೂ ಈ ಕೆಲಸ ಮಾಡಿಕೊಡುವುದಿಲ್ಲ.

ಇನ್ನು ಓದುಗರ ಅನುಮಾನದ ಮಾತಿಗೆ ಬರೋಣ, ಏಕೆಂದರೆ ದುಡ್ಡು ಇರುವುದು ಅಲ್ಲಿ. ‘ಹಂಪಿಯ ಹತ್ತು ಅತ್ಯುತ್ತಮ ಹೋಟೆಲುಗಳು’ ಎಂಬ ಪುಟ ಯಾರ ಪ್ರಶ್ನೆಗೂ ಉತ್ತರವಲ್ಲ. ಪ್ರವಾಸಿಗರ ನಿಜವಾದ ಗೊಂದಲ ಹೊಸಪೇಟೆಯಲ್ಲಿ ಉಳಿಯುವುದೋ, ಕಮಲಾಪುರದಲ್ಲೋ, ಹಂಪಿ ಊರಿನಲ್ಲೋ, ಹೊಳೆ ದಾಟಿ ಆನೆಗೊಂದಿ ಕಡೆಯಲ್ಲೋ ಎನ್ನುವುದು. ಹೊಸಪೇಟೆಯಲ್ಲಿ ರೈಲು, ಬಸ್ಸು, ಊಟ, ಎಲ್ಲ ದರದ ಕೋಣೆ ಇವೆ, ಆದರೆ ಹಂಪಿ 13 ಕಿ.ಮೀ. ದೂರ. ಕಮಲಾಪುರ ಸ್ಮಾರಕಗಳಿಗೆ ಹತ್ತಿರ. ಅಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿಯೂ ಇದೆ, ದುಬಾರಿ ರೆಸಾರ್ಟೂ ಇದೆ. ಹಂಪಿ ಊರಿನಲ್ಲಿ ಎದ್ದರೆ ವಿರೂಪಾಕ್ಷನ ಗೋಪುರ ಕಣ್ಣೆದುರು, ಆದರೆ ಕೋಣೆಗಳು ಸಣ್ಣವು, ಮಾಂಸ–ಮದ್ಯ ಸಿಗದು. ಆನೆಗೊಂದಿ ಕಡೆ ಉಳಿದವರು ಹಂಪಿ ನೋಡಲು ದೋಣಿಯನ್ನೋ ರಸ್ತೆಯ ಸುತ್ತುದಾರಿಯನ್ನೋ ನಂಬಬೇಕು. ಇಷ್ಟನ್ನು ಬಿಡಿಸಿ ಹೇಳಿ, ಪ್ರತಿ ಜಾಗಕ್ಕೂ ಎರಡೋ ಮೂರೋ ಕೋಣೆ ಮಾತ್ರ ಸೂಚಿಸಿದ ಪುಟ ಹತ್ತರ ಪಟ್ಟಿಗಿಂತ ಹೆಚ್ಚು ಬುಕಿಂಗ್ ತರಲೇಬೇಕು, ಏಕೆಂದರೆ ಓದಿ ಮುಗಿಸುವ ಹೊತ್ತಿಗೆ ತಾನು ಯಾವ ಗುಂಪಿನವನೆಂದು ಓದುಗನಿಗೆ ಗೊತ್ತಾಗಿರುತ್ತದೆ. ಇನ್ನೂ ಒಳಹೊಕ್ಕು ನೋಡಿ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಬಂದವರು ಹೊಸಪೇಟೆಯಲ್ಲಿ ಇಳಿಯುವುದು ಬೆಳಗ್ಗೆ. ಬಹುತೇಕ ಹೋಟೆಲುಗಳಲ್ಲಿ ಚೆಕ್-ಇನ್ ಮಧ್ಯಾಹ್ನ. ಮಧ್ಯದ ನಾಲ್ಕೈದು ಗಂಟೆ ಬ್ಯಾಗು ಎಲ್ಲಿ ಇಡುವುದು, ಮಕ್ಕಳ ಸ್ನಾನ ಎಲ್ಲಿ? ‘ಬೆಳಗ್ಗೆಯೇ ಕೋಣೆ ಕೊಡುತ್ತಾರೆಯೇ’ ಎಂದು ಹತ್ತು ಹೋಟೆಲಿಗೆ ಫೋನ್ ಮಾಡಿ ಕೇಳಿ, ಉತ್ತರವನ್ನು ಕೇಳಿದ ದಿನಾಂಕದ ಸಮೇತ ಬರೆದ ಒಂದು ಪ್ಯಾರಾ, ಇಪ್ಪತ್ತು ಸೂರ್ಯಾಸ್ತದ ಫೋಟೊಗಿಂತ ಹೆಚ್ಚು ಕೆಲಸ ಮಾಡುತ್ತದೆ. ಎದುರಾಳಿ ಸೈಟುಗಳಿಗೆ ಈ ಕೆಲಸ ಆಗದು. ದೆಹಲಿಯಲ್ಲೋ ಇನ್ನೆಲ್ಲೋ ಕೂತು ಹೊಸಪೇಟೆಯ ಲಾಡ್ಜಿಗೆ ಫೋನ್ ಮಾಡುವವರಿಲ್ಲ.

ಅದೇ ಕೋಣೆಗಳನ್ನು ಬೇರೆ ಓದುಗರು ಬೇರೆ ಕಣ್ಣಿನಿಂದ ನೋಡುತ್ತಾರೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ, ದೋಣಿಮಲೈಯಲ್ಲಿ ಎನ್‌ಎಂಡಿಸಿ ಗಣಿ. ಅಲ್ಲಿಗೆ ಕೆಲಸದ ಮೇಲೆ ಬರುವ ಎಂಜಿನಿಯರುಗಳು, ಕಂಟ್ರಾಕ್ಟರುಗಳು ಕಲ್ಲಿನ ರಥ ನೋಡಲು ಬಂದವರಲ್ಲ. ಅವರಿಗೆ ಬೇಕಾದ್ದು ಕಂಪನಿ ಹೆಸರಿನಲ್ಲಿ ಜಿಎಸ್‌ಟಿ ಬಿಲ್, ಬೆಳಗಿನ ಪಾಳಿಗೆ ಮುಂಚೆ ತಿಂಡಿ, ಹತ್ತು ದಿನ ಉಳಿದರೆ ದರದಲ್ಲಿ ರಿಯಾಯಿತಿ. ಪ್ರವಾಸಿಗರಿಲ್ಲದ ಬೇಸಿಗೆಯ ಬುಧವಾರ, ಗುರುವಾರಗಳಲ್ಲೂ ಅವರು ಬರುತ್ತಾರೆ. ಇಂಥ ಪುಟಕ್ಕೆ ತಿಂಗಳಿಗೆ ಇನ್ನೂರು ಜನ ಬಂದರೂ ಸಾಕು. ಜನ ಹೆಚ್ಚಿಸುವ ಹಟಕ್ಕಿಂತ ಸರಿಯಾದ ಇನ್ನೂರು ಮಂದಿಯನ್ನು ಹಿಡಿಯುವ ಜಾಣತನ ಲಾಭದಾಯಕ. ಯಾರು ಯಾವ ಪ್ರಶ್ನೆ ಹಿಡಿದು ಬರುತ್ತಿದ್ದಾರೆಂದು ತಿಳಿಯಲು ಗೂಗಲ್ ಸರ್ಚ್ ಕನ್ಸೋಲ್ ಇದೆ, ಪುಕ್ಕಟೆ. ಅದರಲ್ಲಿ ನಿಮ್ಮ ಪುಟ ಕಾಣಿಸಿಕೊಂಡ ಹುಡುಕಾಟಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಕೂತು ಓದಿ. ಊರಿನ ಹೆಸರು 2014ರ ನವೆಂಬರ್ 1ರಂದೇ ಇಂಗ್ಲಿಷಿನಲ್ಲೂ ಹೊಸಪೇಟೆ ಆಯಿತು, ಆದರೂ ಹೊರಗಿನವರು ಹಾಸ್ಪೆಟ್ ಎಂದೇ ಹುಡುಕುತ್ತಾರೆ. ಪುಟದಲ್ಲಿ ಎರಡೂ ಇರಲಿ.

ಕಂಪ್ಲಿಯ ಕಡೆ ತಿರುಗಿದರೆ ಸರಕು ಬೇರೆ, ನಿಯಮ ಅದೇ. ಭತ್ತ, ಕಬ್ಬು, ಬಾಳೆ ಬೆಳೆಯುವ ಸೀಮೆ. ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಬಗ್ಗೆ ಕನ್ನಡದಲ್ಲಿ ಪುಟ ಮಾಡುವವರು ಸಾಮಾನ್ಯವಾಗಿ ಅಮೆಜಾನಿನಲ್ಲಿ ಇರುವ ವಿವರಣೆಯನ್ನೇ ಗೂಗಲ್ ಅನುವಾದದಲ್ಲಿ ತಂದು ಸುರಿಯುತ್ತಾರೆ: 16 ಲೀಟರ್ ಟ್ಯಾಂಕ್, 12 ವೋಲ್ಟ್ ಬ್ಯಾಟರಿ, ಆಕರ್ಷಕ ವಿನ್ಯಾಸ. ರೈತ ಕೇಳುವ ಪ್ರಶ್ನೆ ಅದಲ್ಲ. ಭತ್ತಕ್ಕೆ ಎಕರೆಗೆ ಸುಮಾರು 200 ಲೀಟರ್ ದ್ರಾವಣ ಹೊಡೆಯಬೇಕೆಂದರೆ 16 ಲೀಟರಿನ ಟ್ಯಾಂಕು ಹನ್ನೆರಡು, ಹದಿಮೂರು ಸಲ ತುಂಬಬೇಕು. ಒಂದು ಚಾರ್ಜಿಗೆ ಅಷ್ಟು ಟ್ಯಾಂಕು ಬರುತ್ತದೆಯೇ? ಕೆಸರುಗದ್ದೆಯಲ್ಲಿ ಬೆನ್ನಿಗೆ ಕಟ್ಟಿಕೊಂಡರೆ ನೀರು ತುಂಬಿದಾಗ ಒಟ್ಟು ತೂಕ ಎಷ್ಟು? ವಾರಂಟಿ ಪಂಪಿಗೆ ಮಾತ್ರವೋ, ಬ್ಯಾಟರಿಗೂ ಉಂಟೋ? ವಾಷರ್ ಹೋದರೆ ಊರಿನ ಅಂಗಡಿಯಲ್ಲಿ ಸಿಗುತ್ತದೆಯೋ? ಈ ನಾಲ್ಕಕ್ಕೆ ನೇರ ಉತ್ತರ ಇರುವ ಪುಟ ಓದಿದವರು ಲಿಂಕ್ ಒತ್ತುವ ಹೊತ್ತಿಗೆ ಅರ್ಧ ವ್ಯಾಪಾರ ಮುಗಿದಿರುತ್ತದೆ. ‘ವರ್ಷಕ್ಕೆ ಎರಡೇ ಸಲ ಹೊಡೆಯುವವರಿಗೆ ಇದು ಬೇಡ, ಬಾಡಿಗೆಗೆ ತಂದರೆ ಸಾಕು’ ಎಂದೂ ಬರೆಯಿರಿ. ಹೀಗೆ ಬರೆದರೆ ಗಿರಾಕಿ ಕೈತಪ್ಪುತ್ತಾರೆ ಎಂಬ ಅಳುಕು ಸಹಜ. ಆದರೆ ಕೊಂಡು ವಾಪಸ್ ಕಳಿಸಿದ ವಸ್ತುವಿಗೆ ಕಮಿಷನ್ ಸಿಗದು. ಹೋಟೆಲಿನಲ್ಲೂ ಅಷ್ಟೆ, ಅತಿಥಿ ಬಂದು ಉಳಿದು ಹೋದ ಮೇಲೆಯೇ ಕಮಿಷನ್ ಪಕ್ಕಾ ಆಗುವುದು. ಬೇಡದವರಿಗೆ ಮಾರಿದ ಲೆಕ್ಕ ವರದಿಯಲ್ಲಿ ಒಂದು ತಿಂಗಳು ಮಿನುಗಿ, ಮರುತಿಂಗಳು ಕಳೆದುಹೋಗುತ್ತದೆ.

ಕನ್ನಡದಲ್ಲಿ ಓದುವವರು ಆನ್‌ಲೈನಿನಲ್ಲಿ ಕೊಳ್ಳುವುದಿಲ್ಲ, ಆದ್ದರಿಂದ ಇಂಗ್ಲಿಷಿನಲ್ಲೇ ಬರೆಯಬೇಕು ಎಂಬ ವಾದವೊಂದಿದೆ. ಮಾರುವವರೇ ಅದನ್ನು ನಂಬಿಲ್ಲ. ಫ್ಲಿಪ್‌ಕಾರ್ಟ್ 2020ರ ಜೂನ್‌ನಲ್ಲಿ, ಅಮೆಜಾನ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕನ್ನಡದಲ್ಲಿ ತೆರೆದುಕೊಂಡವು. ಗಿರಾಕಿಗಳಿಲ್ಲದ ಭಾಷೆಗೆ ಅವು ಹಣ ಹಾಕುವುದಿಲ್ಲ. ಈ ವಾದದಲ್ಲಿ ನಿಜವೂ ಒಂದಿಷ್ಟಿದೆ. ವಿದೇಶಿ ಪ್ರವಾಸಿಗಳಿಗೆ ಕನ್ನಡ ಪುಟ ಉಪಯೋಗವಿಲ್ಲ. ಹಂಪಿಯ ಕೋಣೆಗಳಿಗೆ ಇಂಗ್ಲಿಷ್ ಪುಟ ಬೇಕು. ಆದರೆ ಸ್ಪ್ರೇಯರ್, ಟಾರ್ಪಾಲು, ಹೊಲಿಗೆ ಯಂತ್ರ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಇಂಗ್ಲಿಷಿನಲ್ಲಿ ನೂರು ಪುಟಗಳ ಪೈಪೋಟಿ ಇದೆ, ಕನ್ನಡದಲ್ಲಿ ಬೆರಳೆಣಿಕೆ. ಎಚ್ಚರ ವಹಿಸಬೇಕಾದ್ದು ಬೇರೆ ಕಡೆ. ಕನ್ನಡದಲ್ಲಿ ಓದುತ್ತಿದ್ದವರು ಲಿಂಕ್ ಒತ್ತಿದೊಡನೆ ಇಂಗ್ಲಿಷ್ ಪುಟಕ್ಕೆ ಬಿದ್ದು ತಬ್ಬಿಬ್ಬಾಗುತ್ತಾರೆ. ಲಿಂಕಿನ ಮುಂಚೆಯೇ ಎರಡು ಸಾಲಿನಲ್ಲಿ ಹೇಳಿ: ಮುಂದೆ ತೆರೆಯುವುದು ಯಾವ ಕಂಪನಿಯ ಪುಟ, ಅಲ್ಲಿ ಎಷ್ಟು ಲೀಟರಿನದನ್ನು ಆರಿಸಬೇಕು, ನಮ್ಮೂರ ಪಿನ್‌ಕೋಡ್ ಹಾಕಿ ಡೆಲಿವರಿ ಉಂಟೋ ಇಲ್ಲವೋ ನೋಡಿಕೊಳ್ಳುವುದು ಹೇಗೆ. ಬಟನ್ನಿನ ಮೇಲೂ ‘ಇಲ್ಲಿ ಕ್ಲಿಕ್ ಮಾಡಿ’ ಬದಲು ‘ಅಮೆಜಾನಿನಲ್ಲಿ ಇವತ್ತಿನ ಬೆಲೆ ನೋಡಿ’ ಎಂದಿದ್ದರೆ ಒತ್ತುವವರಿಗೆ ಎಲ್ಲಿಗೆ ಹೋಗುತ್ತಿದ್ದೇವೆಂದು ಗೊತ್ತಿರುತ್ತದೆ. ಬೆಲೆಯನ್ನು ಮಾತ್ರ ಪುಟದಲ್ಲಿ ಕೈಯಾರೆ ಬರೆದಿಡಬೇಡಿ. ಅದು ಬದಲಾಗುತ್ತಲೇ ಇರುತ್ತದೆ, ಅಮೆಜಾನಿನ ನಿಯಮವೂ ಅದಕ್ಕೆ ಒಪ್ಪುವುದಿಲ್ಲ.

ಸಂಡೂರಿನ ಲಂಬಾಣಿ ಕಸೂತಿಯದು ಇನ್ನೂ ಸೂಕ್ಷ್ಮ. ಈ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ, ಎಂದರೆ ಜಿಐ ಮಾನ್ಯತೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸುದ್ದಿ ಓದಿದವರು ಹುಡುಕಿಕೊಂಡು ಬಂದಾಗ ಅವರಿಗೆ ಯಂತ್ರದಲ್ಲಿ ಮಾಡಿದ ಕನ್ನಡಿ ಕೆಲಸದ ಚೀಲವನ್ನು ‘ಸಂಡೂರು ಲಂಬಾಣಿ’ ಎಂದು ತೋರಿಸಿ ಲಿಂಕ್ ಕೊಟ್ಟರೆ ಒಂದಷ್ಟು ಮಾರಾಟ ಆಗಬಹುದು. ಆದರೆ ಜಿಐ ಹೆಸರನ್ನು ಯಾರು ಬೇಕಾದರೂ ಬಳಸುವಂತಿಲ್ಲ. 1999ರ ಕಾಯ್ದೆಯಲ್ಲಿ ಸುಳ್ಳು ಬಳಕೆಗೆ ಶಿಕ್ಷೆಯೇ ಇದೆ. ಅದನ್ನು ಪಕ್ಕಕ್ಕಿಟ್ಟರೂ, ಕೈ ಹೊಲಿಗೆಗೂ ಯಂತ್ರದ ಹೊಲಿಗೆಗೂ ಬಟ್ಟೆಯ ಹಿಂಭಾಗ ತಿರುಗಿಸಿ ನೋಡಿದರೆ ಎದ್ದು ಕಾಣುವ ವ್ಯತ್ಯಾಸವನ್ನು ಎರಡು ಫೋಟೊ ಹಾಕಿ ವಿವರಿಸಿದ ಪುಟವನ್ನು ಕೊಳ್ಳುವವರು ನಂಬುತ್ತಾರೆ. ಅಂಥ ಪುಟದಲ್ಲಿ ಕೇಂದ್ರದ ವಿಳಾಸ ಕೊಡಬೇಕಾಗುತ್ತದೆ, ಅದರಿಂದ ಕಮಿಷನ್ ಬಾರದು. ಬಾರದಿದ್ದರೂ ಕೊಡಿ ಎನ್ನುವುದೇ ನನ್ನ ಮಾತು. ಕಮಿಷನ್ ಬರುವ ಸೂಜಿ, ದಾರ, ಕಸೂತಿ ಚೌಕಟ್ಟು, ಕಲಿಕೆಯ ಪುಸ್ತಕಗಳ ಲಿಂಕ್ ಅದೇ ಪುಟದ ಕೆಳಗೆ ಇರಲು ಯಾರ ಅಡ್ಡಿಯೂ ಇಲ್ಲ.

ಕಮಿಷನ್ ಸಿಗುತ್ತದೆಂದು ಬಾಯಿಬಿಟ್ಟು ಹೇಳಿದರೆ ಜನ ಓಡಿಹೋಗುತ್ತಾರೆ ಎಂಬ ಭಯ ಬಹಳ ಮಂದಿಗಿದೆ. ಕೆಲವರು ಹೋಗಬಹುದು. ಆದರೆ ಇದು ಈಗ ಆಯ್ಕೆಯ ವಿಷಯವಾಗಿ ಉಳಿದಿಲ್ಲ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಶಿಫಾರಸು ಮಾಡುವವರು ಮಾರುವವರೊಂದಿಗಿನ ಹಣದ ನಂಟನ್ನು ತಿಳಿಸಬೇಕು. ಶಿಫಾರಸು ಯಾವ ಭಾಷೆಯಲ್ಲಿದೆಯೋ ಈ ಮಾತೂ ಅದೇ ಭಾಷೆಯಲ್ಲಿರಬೇಕೆಂದು 2023ರ ಜನವರಿಯ ಸೂಚನೆ ಹೇಳುತ್ತದೆ. ಕನ್ನಡ ಪುಟದ ತುದಿಯಲ್ಲಿ ಇಂಗ್ಲಿಷಿನ ಒಂದು ಸಾಲನ್ನು ಇರುವೆ ಗಾತ್ರದಲ್ಲಿ ಅಂಟಿಸಿದರೆ ಸಾಲದು. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅವಕಾಶವಿದೆ. ‘ಈ ಲಿಂಕ್ ಮೂಲಕ ನೀವು ಕೊಂಡರೆ ನಮಗೆ ಕಮಿಷನ್ ಬರುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ’ ಎಂದು ಮೊದಲ ಲಿಂಕಿನ ಮೇಲೆ, ಓದಲು ಬರುವ ಅಕ್ಷರದಲ್ಲಿ ಹಾಕಿದರೆ ಮುಗಿಯಿತು. ಗೂಗಲ್‌ಗೂ ಇದು ಹಣದ ಲಿಂಕ್ ಎಂದು ತಿಳಿಸುವ ‘ಸ್ಪಾನ್ಸರ್ಡ್’ ಗುರುತು 2019ರಿಂದ ಇದೆ, ಅದನ್ನೂ ಹಚ್ಚಿ. ಇದೇ ಉಸಿರಿನಲ್ಲಿ ಇನ್ನೊಂದು: ‘ಎರಡೇ ಕೋಣೆ ಉಳಿದಿವೆ’, ‘ಆಫರ್ ಮುಗಿಯಲು ಹತ್ತು ನಿಮಿಷ’ ಎಂದು ಸುಳ್ಳು ಗಡಿಯಾರ ಓಡಿಸುವ ಪ್ಲಗಿನ್‌ಗಳನ್ನು ಇವತ್ತೇ ಕಿತ್ತುಹಾಕಿ. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೆಸರಿಸಿರುವ 13 ಬಗೆಯ ಮೋಸಗಳಲ್ಲಿ ಸುಳ್ಳು ಅವಸರ ಮೊದಲನೆಯದು.

ಪುಟದ ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂರು ಸೆಕೆಂಡಿಗಿಂತ ತಡವಾದರೆ ಮೊಬೈಲಿನಲ್ಲಿ ಬಂದವರಲ್ಲಿ ಶೇ 53ರಷ್ಟು ಮಂದಿ ಹೊರಟುಹೋಗುತ್ತಾರೆಂದು ಗೂಗಲ್ 2016ರಲ್ಲೇ ಹೇಳಿತ್ತು. ಪುಟದ ಮುಖ್ಯಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆನ್ನುವುದು ಅದರ ಇಂದಿನ ಅಳತೆ. ಹಂಪಿಯ ಪುಟಗಳಲ್ಲಿ ತಡಕ್ಕೆ ಕಾರಣ ಬಹುಪಾಲು ಒಂದೇ: ಕ್ಯಾಮೆರಾದಿಂದ ಇಳಿಸಿದ ಐದಾರು ಎಂಬಿಯ ಫೋಟೊವನ್ನು ಹಾಗೇ ಏರಿಸಿರುವುದು. ವೆಬ್‌ಪಿ ರೂಪಕ್ಕೆ ತಂದು, ಅಗಲ ಕಿರಿದು ಮಾಡಿದರೆ ಅದೇ ಕಲ್ಲಿನ ರಥ 150 ಕೆಬಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗಿಂದ ಬಂದವರಿಗೆ ಲಿಂಕ್ ಆ ಆ್ಯಪಿನೊಳಗಿನ ಬ್ರೌಸರಿನಲ್ಲೇ ತೆರೆದು, ಅಮೆಜಾನ್ ಮತ್ತೆ ಲಾಗಿನ್ ಕೇಳುವುದೂ ಉಂಟು. ಪಾಸ್‌ವರ್ಡ್ ಮರೆತವರು ಅಲ್ಲಿಗೇ ಕೈಬಿಡುತ್ತಾರೆ. ನಿಮ್ಮ ಲಿಂಕನ್ನು ಪ್ರತಿ ಆ್ಯಪಿನಿಂದಲೂ ಒಮ್ಮೆ ಒತ್ತಿ ನೋಡಿದರೆ ಇದು ತಿಳಿಯುತ್ತದೆ.

ಕೊನೆಯ ಆಕ್ಷೇಪ ಹೊಸದು, ತೂಕದ್ದು. ಪ್ರಶ್ನೆ ಕೇಳಿದರೆ ಗೂಗಲ್ ತಾನೇ ಎಐ ಉತ್ತರ ಬರೆದುಕೊಡುವ ಕಾಲದಲ್ಲಿ ನಮ್ಮ ಪುಟಕ್ಕೆ ಬರುವವರು ಯಾರು? ‘ಹಂಪಿ ಯಾವ ಜಿಲ್ಲೆಯಲ್ಲಿದೆ’ ಎಂಬ ಪ್ರಶ್ನೆಗೆ ಯಾರೂ ಬರುವುದಿಲ್ಲ, ಅದು ಹೋದ ಸಂತೆ. ಬರುವವರು ಸಿದ್ಧ ಉತ್ತರದಿಂದ ಸಮಾಧಾನವಾಗದೆ, ಹಣ ಕಟ್ಟುವ ಮುಂಚೆ ಒಮ್ಮೆ ಖಾತ್ರಿ ಮಾಡಿಕೊಳ್ಳಬೇಕೆನ್ನುವವರು. ಸಂಖ್ಯೆ ಕಡಿಮೆ, ಕೊಳ್ಳುವ ಇರಾದೆ ಹೆಚ್ಚು. ಎಐ ಕೂಡ ಎಲ್ಲೋ ಬರೆದದ್ದನ್ನೇ ಹೆಕ್ಕಿ ಕೊಡುವುದು. ಈ ವಾರ ದೋಣಿ ಓಡುತ್ತಿದೆಯೇ, ವಿಜಯ ವಿಠ್ಠಲ ದೇವಾಲಯದ ಪಾರ್ಕಿಂಗಿನಿಂದ ಬ್ಯಾಟರಿ ಗಾಡಿ ಸಿಗಲು ಎಷ್ಟು ಹೊತ್ತು ಕಾಯಬೇಕು, ಅಲ್ಲಿನ ಟಿಕೆಟ್ ಅದೇ ದಿನ ರಾಣಿವಾಸದ ಆವರಣಕ್ಕೂ ನಡೆಯುವುದರಿಂದ ಎಸೆಯಬೇಡಿ ಎಂಬಂಥ ಮಾತುಗಳನ್ನು ಊರಿನವರು ಬರೆದಿದ್ದರೆ ಮಾತ್ರ ಅದಕ್ಕೂ ಗೊತ್ತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾದ ಮೇಲೂ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವೆಂಬುದು ತಿಳಿಯದೆ ವಿಳಾಸ ತಪ್ಪು ಹಾಕಿದ ಪುಟಗಳ ನಡುವೆ ಸರಿಯಾಗಿ ಬರೆದವರಿಗೆ ಬೆಲೆ ಇದ್ದೇ ಇದೆ.

ಹಾಗಾದರೆ ಯಾವ ಸಂಖ್ಯೆಯ ಮೇಲೆ ಕಣ್ಣಿಡಬೇಕು? ಕನ್ವರ್ಷನ್ ರೇಟಿಗಿಂತ, ನೂರು ಜನ ಬಂದರೆ ವಾಪಸಾತಿ, ರದ್ದತಿ ಕಳೆದು ಕೈಗೆ ಬಂದ ರೂಪಾಯಿ ಎಷ್ಟು ಎನ್ನುವುದರ ಮೇಲೆ. ಮೊಬೈಲಿನ ಕಮಿಷನ್ ತೀರ ಕಡಿಮೆ, ಬಟ್ಟೆಬರೆಯದು ಅದಕ್ಕಿಂತ ಹೆಚ್ಚು. ರೇಟ್ ಮಾತ್ರ ನೋಡಿದರೆ ದುಡಿಯುವ ಪುಟ ಯಾವುದು, ಮೆರೆಯುವ ಪುಟ ಯಾವುದು ಗೊತ್ತಾಗದು. ಇದಕ್ಕೆ ಪ್ರತಿ ಪುಟಕ್ಕೂ ಬೇರೆ ಟ್ರ್ಯಾಕಿಂಗ್ ಐಡಿ ಇಡಿ. ಅಮೆಜಾನ್ ಅದಕ್ಕೆ ಅವಕಾಶ ಕೊಡುತ್ತದೆ, ಹೋಟೆಲ್ ಸೈಟುಗಳಲ್ಲೂ ಅಂಥದೇ ವ್ಯವಸ್ಥೆ ಇರುತ್ತದೆ. ಓದುಗರು ಪುಟದಲ್ಲಿ ಎಲ್ಲಿಯವರೆಗೆ ಇಳಿದರು, ಎಲ್ಲಿ ನಿಂತರು ನೋಡಲು ಮೈಕ್ರೋಸಾಫ್ಟ್ ಕ್ಲಾರಿಟಿ ಪುಕ್ಕಟೆ ಸಿಗುತ್ತದೆ. ಹಣ ಕೊಟ್ಟು ಇದಕ್ಕಿಂತ ದೊಡ್ಡ ಉಪಕರಣ ಕೊಳ್ಳುವ ಅಗತ್ಯ ತಿಂಗಳಿಗೆ ಮೂರು ಸಾವಿರ ಜನ ಬರುವ ವೆಬ್‌ಸೈಟಿಗೆ ಇಲ್ಲ. ಹೆಚ್ಚು ಓದಿಸಿಕೊಳ್ಳುವ ಐದು ಪುಟಗಳನ್ನು ನಿಮ್ಮದೇ ಫೋನಿನಲ್ಲಿ ತೆರೆದು ಪ್ರತಿ ಲಿಂಕ್ ಒತ್ತಿ, ಪ್ರತಿ ದಿನಾಂಕ ಓದಿ, ಸುಳ್ಳಾದದ್ದನ್ನು ಅಳಿಸಿ. ತಿದ್ದಿದ್ದು ಗೂಗಲ್ ಹುಡುಕಾಟದಲ್ಲಿ ನೆಲೆಯಾಗಲು ವಾರಗಳೇ ಹಿಡಿಯಬಹುದು, ಹಂಪಿಯ ಸೀಸನ್ ಅಕ್ಟೋಬರಿನಲ್ಲಿ ಶುರು. ಆಗಸ್ಟ್ ಮುಗಿಯುವುದರೊಳಗೆ ಈ ಕೆಲಸ ಮುಗಿಸಿಕೊಳ್ಳಿ.